ಬಾಬಾ ಅಂದರೆ ಯಾರು

"ಹುಡುಕು ಹೋಗು! ಬಾಬಾನ ಹುಡುಕು!"

ಘದ್ಬಾನ್ ಗಂಟಲು ಹರಿಯುವಂತೆ ಕೂಗಿದ. ಯಂತ್ರದ ಆಡಿನಮರಿ ಅಂಗಳಕ್ಕೆ ಒಂದು ಸುತ್ತು ಹಾಕಿ, ಮತ್ತೆ ಅವನ ಕಾಲಬುಡಕ್ಕೇ ಬಂದು ಕೂತು, "ಸಿಕ್ಕಿದರು" ಎಂದಿತು.

ಜುಬೈರ್ ಪಟ್ಟಣದ ಕಡೆಯ ಮರಳುಗಾಡಿನಿಂದ ಮಟಮಟ ಮಧ್ಯಾಹ್ನವೇ ಧೂಳಿನ ಗೋಡೆ ಎದ್ದು ಬಂದಿತ್ತು. ಟೊಮೆಟೊ ಹೊಲಕ್ಕೆ ಹೋದ ಎಂಟು ವರ್ಷದ ಮಗಳು ತಿರುಗಿ ಬಂದಿರಲಿಲ್ಲ. ಅವಳಿಗೆ ಉಬ್ಬಸ. ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಮನೆಯಲ್ಲೇ ಉಳಿದಿತ್ತು. ಘದ್ಬಾನ್ ಎರಡು ಸಲ ಹೊರಗೆ ಹೋಗಿ, ತನ್ನ ಕೈ ತನಗೇ ಕಾಣದೆ ವಾಪಸು ಬಂದಿದ್ದ.

"ಈ ಮರಿ ಬದ್ಲು ನಾಯಿ ತಂದಿದ್ರೆ ಇಷ್ಟೊತ್ತಿಗೆ ಹುಡುಕಿರ್ತಿತ್ತು," ಎಂದಳು ಅಕ್ಕ ಹಸೀಬಾ.

"ತಗಡಿನ ನಾಯಿಯಾದ್ರೂ ನಮಾಜಿಗೆ ಮೈಲಿಗೆ ಅಂದೋಳು ನೀನೇ ಅಲ್ವೇನಕ್ಕಾ!"

ಮಗಳ ಕೈಪಟ್ಟಿಯ ಜಾಡು ಹಿಡಿದು ಮರಿ ಅವಳನ್ನು ಎಲ್ಲಿದ್ದರೂ ಹುಡುಕಬಲ್ಲದು. ಆದರೆ ಅಪ್ಪ ಮಗಳ ದನಿ ಬಿಟ್ಟು ಬೇರೆಯವರ ಮಾತು ಕೇಳದು. ಮತ್ತೆ ಯಾಕೆ ಕದಲುತ್ತಿಲ್ಲ ಇದು? ಆಗ ಹೊಳೆಯಿತು. ಅವನು ಮಗಳನ್ನು ಮುದ್ದಿನಿಂದ ಕರೆಯುವುದು ಬಾಬಾ ಎಂದೇ, ಆ ಸೀಮೆಯ ಎಲ್ಲ ಅಪ್ಪಂದಿರ ಹಾಗೆ. ಅಪ್ಪ ಎಂಬರ್ಥದಲ್ಲಿ ಮಗಳು ಅವನನ್ನು ಕರೆಯುವುದೂ ಬಾಬಾ ಎಂದೇ. ಮರಿಗೆ ಮಾತು ಕಲಿಸಿದವಳು ಮಗಳು; ಅದರ ಪಾಲಿಗೆ ಬಾಬಾ ಅಂದರೆ ಅವನೇ.

"ಹೆಸರು ಹಿಡಿದು ಹೇಳೋ, ಮಾರಾಯ!" ಎಂದಳು ಹಸೀಬಾ.

ಹೆರಿಗೆಯಲ್ಲಿ ತೀರಿಕೊಂಡ ಘದ್ಬಾನನ ಹೆಂಡತಿಯ ಹೆಸರನ್ನೇ ಮಗುವಿಗೆ ಇಟ್ಟಿದ್ದರು. ಕೊನೆಯ ಸಲ ಅವನು ಆ ಹೆಸರು ಕೂಗಿದ್ದು ಆಸ್ಪತ್ರೆಯಲ್ಲಿ. ಯಾರೂ ಓಗೊಟ್ಟಿರಲಿಲ್ಲ. ಈಗಲೂ ಓಗೊಡದಿದ್ದರೆ?

"ಸೌಸನ್," ಎಂದ. "ಸೌಸನ್‌ನ ಹುಡುಕು!"

ಮರಿ ಚಂಗನೆ ಎದ್ದಿತು. ಔಷಧಿ ಜೇಬಿಗೆ ತುರುಕಿ, ಮರಿಯ ಕೊರಳಹಗ್ಗ ಹಿಡಿದು ಅವನು ಕುರುಡನಂತೆ ಧೂಳಿನೊಳಗೆ ಓಡಿದ.

ಪಂಪಿನ ಮನೆಯ ಹಿಂದೆ, ಪ್ಲಾಸ್ಟಿಕ್ ಹಾಳೆಯಡಿ ಮುದುಡಿ ಕೂತಿದ್ದಳು ಮಗಳು. ತುಟಿ ನೀಲಿಗಟ್ಟಿತ್ತು. ಔಷಧಿಯನ್ನು ಅವಳ ಬಾಯಿಗಿಟ್ಟು ಒತ್ತಿದ. "ಎಳಕೋ, ಸೌಸನ್. ಇನ್ನೊಂದ್ಸಲ. ಸೌಸನ್, ನನ್ ಚಿನ್ನ, ಎಳಕೋ!"

ಎಷ್ಟೋ ಹೊತ್ತಿಗೆ ಉಸಿರು ದಾರಿಗೆ ಬಂತು. ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಕತ್ತು ಹೊರಳಿಸಿ, ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಬಾಬಾ... ಯಾರನ್ನ ಕರೀತಿದೀಯಾ?"

ಅವನು ತಲೆವಸ್ತ್ರ ಬಿಚ್ಚಿ ಇಬ್ಬರ ಮೇಲೂ ಹೊದಿಸಿದ, ಅವಳ ಎದೆಗೆ ಕಿವಿಯಿಟ್ಟುಕೊಂಡು ಕೂತ.