ಒರೆಸದೆ ಕೊಟ್ಟ ಹಿಡಿ

ನಾನು ಒಂದು ಉದ್ದನೆಯ ಸ್ಕ್ರೂಡ್ರೈವರ್. ಅಡಿಗಿಂತ ನಾಲ್ಕು ಬೆರಳು ಹೆಚ್ಚು. ಬೆಂಕಿಯಲ್ಲಿ ಕೆಂಪಗೆ ಕಾದು, ಎಣ್ಣೆಯಲ್ಲಿ ಮುಳುಗಿ ಚುಂಯ್ ಎಂದು ಚೀರಿ, ತುದಿ ಚಪ್ಪಟೆ ಮಾಡಿಸಿಕೊಂಡು ಹುಟ್ಟಿದೆ. ತಲೆಗೆ ಮರದ ಹಿಡಿ ಕೂರಿಸಿದರು. ನನ್ನ ಉಕ್ಕು ಹಿಡಿಯ ನಡುವೆ ಹಾಯ್ದು ಆ ಕೊನೆಯವರೆಗೂ ಇದೆ. ಸ್ಕ್ರೂ ತಿರುವಲೆಂದು ಹುಟ್ಟಿದೆ ನಿಜ, ಆದರೆ ಬಾಳಿನಲ್ಲಿ ತಿರುವಿದ್ದು ಕಡಿಮೆ, ಕೇಳಿಸಿದ್ದೇ ಹೆಚ್ಚು.

ನನಗೆ ಕೇಳಿಸುವ ಕೆಲಸ ಹಚ್ಚಿದವರು ಮೌಲಾಸಾಬ್ ಉಸ್ತಾದರು. ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದೆ ಅವರ ತಗಡಿನ ಶೆಡ್. ಓಡುವ ಇಂಜಿನ್ನಿಗೆ ನನ್ನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಒಳಗಿನ ಸದ್ದು ನನ್ನ ಮೈಯಲ್ಲಿ ಹರಿದು ಅವರ ತಲೆಬುರುಡೆಗೆ ಇಳಿಯುತ್ತಿತ್ತು. ಡಾಕ್ಟರಿಗೆ ಎದೆ ನೋಡುವ ಕೊಳವೆ ಇದ್ದ ಹಾಗೆ ಅವರಿಗೆ ನಾನು.

ಅಲ್ಲಿಗೆ ಕೆಲಸ ಕೇಳಿಕೊಂಡು ಬಂದವನು ದುರುಗಪ್ಪ. ಊರ ಹೊರಗಿನ ಕೇರಿಯವನು. ಸತ್ತವರ ಮುಂದೆ ಹಲಗೆ ಬಾರಿಸಲು ಒಲ್ಲೆ ಎಂದು, ಊರ ಹಿರಿಯರ ಬೈಗುಳ ಉಂಡು, ಎರಡು ಮಕ್ಕಳ ತಂದೆಯಾದ ಮೇಲೆ ಪಾನಾ ಹಿಡಿದು ರಿಪೇರಿ ಕೆಲಸಕ್ಕೆ ಇಳಿದವನು. ಮೊದಲ ದಿನವೇ ಉಸ್ತಾದರು ತಾವು ಕೇಳಿ ನನ್ನನ್ನು ಅವನ ಕಡೆ ಚಾಚಿದರು. ಅವನು ಕೇಳಿದ, ತಿರುಗಿ ಕೊಡುವಾಗ ಅಂಗಿಯ ಚುಂಗಿನಿಂದ ಹಿಡಿ ಒರೆಸಲು ಹೋದ.

“ಯಾಕ ಒರಸ್ತಿ? ನಿನ್ನ ಕಿವ್ಯಾಗ ಹುಳ ಬಿದ್ದಾವೇನು?” ಎಂದು ನಕ್ಕು ಉಸ್ತಾದರು ನನ್ನನ್ನು ಹಾಗೇ ಕಸಿದುಕೊಂಡು ಕಿವಿಗೆ ಹಚ್ಚಿಕೊಂಡರು. “ಮ್ಯಾಲ ಟಿಕ್ ಟಿಕ್ ಅಂದ್ರ ಟ್ಯಾಪೆಟ್. ಅದು ಬಾಯಿಬಡುಕ, ಅಂಜಬ್ಯಾಡ. ಪಕ್ಕದಾಗ ಗರಗರ ಅಂದ್ರ ಚೈನು. ಕೆಳಗ ಡಬ್ ಡಬ್ ಅಂತು ಅಂದ್ರ ಮಾತ್ರ ಗಾಡಿ ಬಂದ್ ಮಾಡು. ಅದು ಕ್ರ್ಯಾಂಕು, ಗಾಲಿ ತಿರುಗಿಸೋ ದಂಡ. ಅದು ಬೈಯಂಗಿಲ್ಲ ಮಗನ, ಕೊಲ್ತೈತಿ.”

ಉಸ್ತಾದರು ತೀರಿಹೋದ ಮೇಲೆ ಶೆಡ್ಡೂ ನಾನೂ ದುರುಗಪ್ಪನ ಪಾಲಾದೆವು. ಶೆಡ್ ನಿಂತ ನೆಲ ಮಾತ್ರ ವೀರನಗೌಡರದು.

ಆ ಗೌಡರು ಒಂದು ಮುಂಜಾನೆ ಗಾಡಿ ಓಡಿಸಿಕೊಂಡು ಬಂದರು. ನಲವತ್ತು ವರ್ಷದ ಮೋಟಾರ್‌ಸೈಕಲ್, ಅವರಪ್ಪನ ಕಾಲದ್ದು. ಅದರ ಸದ್ದು ಕೇಳಿದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲಬೇಕು, ಅಂಥ ರಿವಾಜು. ಜೊತೆಗೆ ಮಗಳು ಶಾಂಭವಿ, ಕೈಯಲ್ಲಿ ಹಾಲ್ ಟಿಕೆಟ್. ಹತ್ತಕ್ಕೆ ಸಿಂಧನೂರಿನಲ್ಲಿ ಬಿ.ಎಡ್. ಪರೀಕ್ಷೆ. ಗೌಡರ ಮನೆಯ ಹುಡುಗಿ ಬಸ್ಸಿನಲ್ಲಿ ನೂಕಾಡಬಾರದು.

“ಏನೋ ಟಕಟಕ ಅಂತೈತಿ. ಟ್ಯಾಪೆಟ್ ಬಿಗಿ ಮಾಡು, ಲಗೂನ.”

ದುರುಗಪ್ಪ ಗಾಡಿ ಚಾಲೂ ಮಾಡಿದ. ನನ್ನನ್ನು ಮೇಲೆ ಇಟ್ಟ. ಪಕ್ಕಕ್ಕೆ ಇಟ್ಟ. ಕೆಳಗೆ ಇಟ್ಟವನು ಉಸಿರು ಹಿಡಿದ. ಎಕ್ಸಿಲೇಟರ್ ತಿರುವಿ ಮತ್ತೊಮ್ಮೆ ಕೇಳಿದ. ಬಂದ್ ಮಾಡಿ, ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದ.

“ಟ್ಯಾಪೆಟ್ ಚಲೋ ಅದಾವ್ರಿ ಗೌಡ್ರ. ಕ್ರ್ಯಾಂಕಿನ ಬೇರಿಂಗ್ ಹೋಗೇತಿ. ದಾರ್ಯಾಗ ಹಿಡಕೊಂಡ್ರ ಹಿಂದಿನ ಗಾಲಿ ಗಪ್ಪನ ನಿಲ್ತೈತಿ. ಅಕ್ಕಾರು ಹಿಂದ ಕುಂತಿರ್ತಾರ. ಅವರ ಹಿಂದ ಭತ್ತದ ಲಾರಿ ಬರತಿರ್ತಾವ.”

“ನಮ್ಮಪ್ಪನ ಗಾಡಿ ನನಗ ಗೊತ್ತಿಲ್ಲೇನಲೇ? ನಿಮ್ಮಪ್ಪ ಹಲಗಿ ಬಡಿಯೋವಾಗಿಂದ ಓಡೇತಿ ಇದು!”

“ಅದಕ್ಕ ಸವದೈತ್ರಿ.”

ಎದುರಿನ ಚಹಾದಂಗಡಿಯಲ್ಲಿ ಯಾರೋ ಕಿಸಕ್ಕೆಂದರು. ಗೌಡರ ಮುಖ ಕೆಂಪಾಯಿತು.

“ನನ್ನ ಮಾತು ಬ್ಯಾಡ್ರಿ. ನೀವ ಕೇಳ್ರಿ” ಎಂದು ದುರುಗಪ್ಪ ನನ್ನನ್ನು ಚಾಚಿದ.

ಗೌಡರು ಹಿಡಿ ನೋಡಿದರು. ಆಮೇಲೆ ದುರುಗಪ್ಪನ ಕಿವಿ ನೋಡಿದರು. ಅವನ ಬೆವರು ಇನ್ನೂ ನನ್ನ ಮೇಲೆ ಹಸಿಯಾಗಿತ್ತು.

“ಒರಸು.”

ದುರುಗಪ್ಪನ ಕೈ ಹೆಗಲ ಬಟ್ಟೆಗೆ ಹೋಯಿತು. ಅಲ್ಲೇ ನಿಂತಿತು. ಬಟ್ಟೆ ಬಿಟ್ಟು, ನನ್ನನ್ನು ಇದ್ದ ಹಾಗೇ ಚಾಚಿದ.

“ಒರಸಂಗಿಲ್ರಿ.”

ಓದುವವರೇ, ಲೆಕ್ಕ ಹಾಕಿ ನೋಡಿ. ಆ ಗಾಡಿಯ ಬ್ರೇಕು ಹಿಡಿಯುವುದು ಇವನು ಬಿಗಿದ ತಂತಿಯಿಂದ. ಗಾಲಿ ನೆಟ್ಟಗೆ ತಿರುಗುವುದು ಇವನು ಕಟ್ಟಿದ ಕಡ್ಡಿಗಳಿಂದ. ಗೌಡರು ಕೂರುವ ಸೀಟನ್ನು ವಾರಕ್ಕೊಮ್ಮೆ ಒರೆಸಿದ್ದೂ ಇದೇ ಕೈ. ಅಲ್ಲೆಲ್ಲೂ ಅಂಟದ ಮೈಲಿಗೆ ಒಂದು ಹನಿ ಬೆವರಿನಲ್ಲಿ ಅಂಟಿತು! ಕೈ ಬೇಕು, ಕಿವಿ ಬೇಡ. ಅವನ ದುಡಿಮೆ ನಡೆಯುತ್ತದೆ, ಅವನ ತಿಳಿವಳಿಕೆ ನಡೆಯುವುದಿಲ್ಲ.

“ಕೀ ಕೊಡು.”

“ಕೊಡಂಗಿಲ್ರಿ.”

“ಸಂಜಿ ಒಳಗ ಶೆಡ್ ಕಿತ್ತಸ್ತೀನಿ. ಜಾಗ ಯಾರದಲೇ?”

“ಜಾಗ ನಿಮ್ಮದರಿ. ಜೀವ ಅಕ್ಕಾರದು.”

ಆಗ ಶಾಂಭವಿ ಮುಂದೆ ಬಂದಳು. “ದುರುಗಪ್ಪಣ್ಣ, ಗಾಡಿ ಚಾಲೂ ಮಾಡು.” ಅವನು ಕೀ ಹಾಕಿ ಒದ್ದ. ಅವಳು ಕುಕ್ಕರಗಾಲಲ್ಲಿ ಕೂತು ನನ್ನನ್ನು ಅವನ ಕೈಯಿಂದ ತೆಗೆದುಕೊಂಡಳು.

“ಶಾಂಭವಿ! ಕಿವಿಗೆ ಹಚ್ಚಬ್ಯಾಡದನ್ನ!”

ಹಚ್ಚಿದಳು. ಅವಳ ಕಿವಿಯೋಲೆ ನನ್ನ ಹಿಡಿಗೆ ಠಣ್ ಎಂದು ತಾಗಿತು. “ಏನೂ ತಿಳಿವಲ್ದು. ಬರೇ ಗದ್ದಲ.”

“ಮೊದ್ಲ ಮ್ಯಾಲ ಕೇಳ್ರಿ. ಟಿಕ್ ಟಿಕ್, ಹೌದಿಲ್ಲ? ಅದು ಬಾಯಿಬಡುಕ. ಈಗ ಕೆಳಗ ತರ್ರಿ.” ಅವನು ಎಕ್ಸಿಲೇಟರ್ ತಿರುವಿದ.

ಡಬ್. ಡಬ್. ಡಬ್ ಡಬ್. ಅವಳ ಬೆರಳು ನನ್ನ ಸುತ್ತ ಬಿಗಿಯಾದವು. ಎದ್ದು ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಒಳಗ ಯಾರೋ ಬಾಗಿಲಾ ಬಡದಂಗ ಆಗ್ತೈತಿ. ಒಂದ್ಸಲ ಕೇಳು.”

ಈಗ ನನ್ನ ಮೇಲೆ ಇಬ್ಬರ ಬೆವರು. ಗೌಡರು ಕೈ ಚಾಚಲಿಲ್ಲ. ಮಗಳು ನನ್ನನ್ನು ದುರುಗಪ್ಪನಿಗೆ ಕೊಟ್ಟು, ಹಾಲ್ ಟಿಕೆಟ್ ಮಡಚಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು.

ಇಂಜಿನ್ ಓಡುತ್ತಲೇ ಇತ್ತು, ಕೀ ಗಾಡಿಯಲ್ಲೇ ಇತ್ತು. ಗೌಡರು ಕಾಲೆತ್ತಿ ಹತ್ತಿದರು. ದುರುಗಪ್ಪ ನನ್ನನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಹ್ಯಾಂಡಲ್ ಹಿಡಿದ. “ಬ್ಯಾಡ್ರಿ ಗೌಡ್ರ. ನೀವೂ ಬ್ಯಾಡ್ರಿ.” ಇಂಜಿನ್ ಹತ್ತು ಸಲ ಡಬ್ ಎಂದಿರಬೇಕು. ಗೌಡರು ಕೀ ತಿರುವಿ ಬಂದ್ ಮಾಡಿದರು. ಇಳಿದರು. ಯಾರ ಮುಖವನ್ನೂ ನೋಡದೆ ನಡೆದುಹೋದರು.

ಸಂಜೆ ಗೌಡರ ಆಳುಗಳು ಬಂದು ಗಾಡಿ ತಳ್ಳಿಕೊಂಡು ಒಯ್ದರು, ಶೆಡ್ ಕಿತ್ತರು. ತಗಡು ಬೀದಿಗೆ ಬಿತ್ತು. ನನ್ನನ್ನು ಕಲ್ಲಿಗೆ ಎಸೆದರು, ಹಿಡಿ ಸೀಳಿತು. ದುರುಗಪ್ಪ ತಂತಿ ಸುತ್ತಿ ಬಿಗಿದ.

ಈಗ ಕೇರಿಯ ಬಾಯಲ್ಲಿರುವ ಹುಣಸೆಮರದ ಕೆಳಗೆ ನಮ್ಮ ಗ್ಯಾರೇಜು. ನನ್ನ ತುದಿ ಮೊಂಡಾಗಿದೆ, ಸ್ಕ್ರೂ ಕಚ್ಚುವುದಿಲ್ಲ. ಆದರೂ ಡಬ್ಬಿಯಲ್ಲಿ ಮೊದಲು ಕೈಗೆ ಸಿಗುವುದು ನಾನೇ. ಯಾರೇ ಗಾಡಿ ತರಲಿ, ದುರುಗಪ್ಪ ಬಿಚ್ಚುವ ಮೊದಲು ಅವರ ಕಿವಿಗೇ ನನ್ನನ್ನು ಕೊಡುತ್ತಾನೆ. ಕೆಲವರು ಕೇಳದೆ ವಾಪಸ್ ಹೋಗುತ್ತಾರೆ. ಹೋಗಲಿ. ಕಿವಿ ಹಚ್ಚಿದವರು ಬೆಳೆಯುತ್ತಿದ್ದಾರೆ.

ಮೊನ್ನೆ ಶಾಂಭವಿ ಬಂದಿದ್ದಳು. ಈಗ ಟೀಚರು. ಮಾತಿಗೆ ಮೊದಲೇ ತಲೆ ತಗ್ಗಿಸಿದಳು.

“ಗಾಡಿ ಸಿಂಧನೂರಾಗ ಬಿಚ್ಚಿಸಿದ್ರು ದುರುಗಪ್ಪಣ್ಣ. ಬೇರಿಂಗ್ ಮೂರು ತುಂಡಾಗಿತ್ತಂತ. ಅಲ್ಲಿ ಎಲ್ಲಾರ ಮುಂದ ಅಪ್ಪ ಏನಂದ್ರು ಗೊತ್ತೇನು? ‘ನನಗ ಅವತ್ತ ಗೊತ್ತಿತ್ತು’ ಅಂದ್ರು.”

ದುರುಗಪ್ಪ ಗ್ರೀಸಿನ ಕೈಯನ್ನು ಮೊಣಕಾಲಿಗೆ ಒರೆಸಿಕೊಂಡ.

“ಸುಳ್ಳಲ್ರಿ ಅಕ್ಕಾರ. ಗೊತ್ತಿತ್ತು. ಅದಕ್ಕ ಶೆಡ್ ಕಿತ್ತಿಸಿದ್ದು.”