ತಳಕ್ಕಿಳಿದ ಮುಳ್ಳು

“ಟ್ಯಾಂಕು ತುಂಬಿದೆಯಲ್ಲ, ಮತ್ತೆ ನಲ್ಲೀಲಿ ಯಾಕ್ರೀ ನೀರಿಲ್ಲ?” ಎಂದು ಹೆಂಡತಿ ಫೋನಿನಲ್ಲಿ ಕೇಳಿದಾಗ ಟ್ಯಾಂಕಪ್ಪ ಪಂಪ್‌ಮನೆಯ ಬಾಗಿಲಲ್ಲಿ ಕೂತು ಎರಡನೆಯ ಲೋಟ ಚಹಾ ಕುಡಿಯುತ್ತಿದ್ದ. ಹೆತ್ತವರಿಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿತ್ತು. ಮೂವತ್ತೊಂದು ವರ್ಷ ಊರಿನ ನೀರು ನೋಡಿಕೊಂಡವನು ಹೆಂಡತಿಗೂ ಟ್ಯಾಂಕಪ್ಪನೇ ಆಗಿಬಿಟ್ಟಿದ್ದ.

“ಹೊಸ ಪೈಪು, ಗಾಳಿ ಸೇರ್ಕೊಂಡಿರತ್ತೆ. ತಡಕೋ” ಎಂದ.

“ತಡಕೊಳ್ಳೋಕೆ ನಾನೇನೋ ರೆಡಿ. ಪಾತ್ರೆಗಳು ಕೇಳಬೇಕಲ್ಲ.”

ಬಿರುಕು ಬಿಟ್ಟ ಹಳೆಯ ಟ್ಯಾಂಕನ್ನು ಕೆಡವಿ, ಪಕ್ಕದಲ್ಲೇ ಕಟ್ಟಿದ ಹೊಸದಕ್ಕೆ ಅಂದು ನಾಲ್ಕನೆಯ ದಿನ. ಹದಿನೈದು ದಿನ ಸರಿಯಾಗಿ ನಡೆಸಿದರೆ ಅವನು ಇಲ್ಲೇ, ಇಲ್ಲವಾದರೆ ಕಚೇರಿಯಲ್ಲಿ ಫೈಲು ಹೊರುವ ಕೆಲಸ ಎಂದು ಇಂಜಿನಿಯರಮ್ಮ ಮೊದಲೇ ಹೇಳಿದ್ದಳು. ಫೈಲು ಹೊರುವುದು ಅವಮಾನವೇನಲ್ಲ. ಆದರೆ ಅವನಿಗೆ ನೀರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ಅದೇ ಭಯ.

ಏಳೂವರೆಗೆ ಇಂಜಿನಿಯರಮ್ಮನ ಸ್ಕೂಟರ್ ಬಂದು ನಿಂತಿತು. ಹಿಂದೆಯೇ ಗುತ್ತಿಗೆದಾರನ ಮೇಸ್ತ್ರಿ. ಅವಳು ತಲೆಯೆತ್ತಿ ಟ್ಯಾಂಕಿನ ಹೊರಗೋಡೆಯ ಅಳತೆಪಟ್ಟಿ ನೋಡಿದಳು.

“ಮುಳ್ಳು ಸೊನ್ನೇಲಿದೆ. ಪಂಪ್ ಯಾಕೆ ನಿಂತಿದೆ?”

ಟ್ಯಾಂಕಪ್ಪ ಲೋಟ ಕೆಳಗಿಟ್ಟು ತಾನೂ ಮುಳ್ಳಿನತ್ತ ನೋಡಿದ. ಹಳೆಯ ಟ್ಯಾಂಕಿನಲ್ಲಿ ಒಂದೇ ಹಗ್ಗದ ಒಳತುದಿಗೆ ತೇಲುವ ಬುರುಡೆ, ಹೊರತುದಿಗೆ ಕೆಂಪು ಮುಳ್ಳು. ನೀರು ಏರಿದರೆ ಮುಳ್ಳು ಇಳಿಯುತ್ತಿತ್ತು, ತಳ ಮುಟ್ಟಿದರೆ ಟ್ಯಾಂಕು ಭರ್ತಿ. ಹೊಸದರಲ್ಲಿ ನೀರಿನ ಜೊತೆಗೇ ಮುಳ್ಳೂ ಏರುತ್ತದೆ, ಎಲ್ಲರೂ ಎಣಿಸುವ ಹಾಗೆ. ಮೂರು ದಿನ ಎಚ್ಚರವಾಗಿದ್ದವನು ಈ ಬೆಳಿಗ್ಗೆ ಪಂಪ್ ಹಾಕಿದ ಹತ್ತೇ ನಿಮಿಷಕ್ಕೆ ತಳದಲ್ಲಿದ್ದ ಮುಳ್ಳು ನೋಡಿ, ಹೊಸ ಮೋಟಾರು ಎಷ್ಟು ಚುರುಕಪ್ಪಾ ಎಂದು ಮೆಚ್ಚಿಕೊಂಡು, ನಿಲ್ಲಿಸಿಬಿಟ್ಟಿದ್ದ.

ಮೇಸ್ತ್ರಿ ಅವನ ಕಿವಿಯ ಹತ್ತಿರ ಬಗ್ಗಿದ. “ಕರೆಂಟು ಹೋಗಿತ್ತು ಅಂದ್ಬಿಡಿ. ಯಾರು ನೋಡ್ತಾರೆ?”

ಟ್ಯಾಂಕಪ್ಪ ಎದ್ದು ನಿಂತ. “ನಾನೇ ನಿಲ್ಲಿಸಿದ್ದಮ್ಮ. ಹಳೇ ಲೆಕ್ಕದಲ್ಲಿ ಓದಿದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಹಂಗಾಯ್ತು. ಕಚೇರಿಗೆ ಯಾವಾಗ ಬರಲಿ ಹೇಳಿ.”

ಅವಳು ಒಳಗೆ ಹೋಗಿ ತಾನೇ ಪಂಪ್ ಹಾಕಿ ಬಂದಳು. “ಬೆಳಿಗ್ಗೆಯಿಂದ ನಲವತ್ತು ಫೋನು ಬಂದಿವೆ. ಮುಳ್ಳು ತಳದಲ್ಲಿದೆ, ಟ್ಯಾಂಕು ಭರ್ತಿ ಇದೆ, ಪೈಪೇ ಕಟ್ಟಿಕೊಂಡಿದೆ ಅಂತ ಎಲ್ಲರದೂ ಒಂದೇ ಮಾತು. ಬೇಕರಿಯವರಂತೂ ಪ್ಲಂಬರ್‌ನ ಕರೆಸಿ ಅಂಗಡಿ ಮುಂದೆ ಗುಂಡಿ ತೋಡಿಸಿದಾರೆ.” ಹಣೆ ಒರೆಸಿಕೊಂಡಳು. “ಊರಿಗೆ ಊರನ್ನೇ ಕಚೇರಿಗೆ ಹಾಕೋಕಾಗತ್ತಾ? ಆದ್ರೆ ಇನ್ನೂ ಹನ್ನೊಂದು ದಿನ ಇದೆ. ನಾಳೆ ಹೇಗೆ ಓದ್ತೀರಿ?”

ಅವನು ಟ್ಯಾಂಕಿನ ಮೆಟ್ಟಿಲುಗಳತ್ತ ನೋಡಿದ. “ಮುಳ್ಳಿನ ಸಹವಾಸವೇ ಬೇಡಮ್ಮ. ಕಣ್ಣಿಗೆ ರೂಢಿ ಬರೋವರೆಗೂ ಮೇಲೆ ಹತ್ತಿ ನೋಡ್ತೀನಿ.”

“ನೂರಾ ಹನ್ನೆರಡು ಮೆಟ್ಟಿಲು.”

“ಗೊತ್ತು. ಕಟ್ಟೋವಾಗ ಅಳತೆ ಟೇಪು ಹಿಡಿದವನು ನಾನೇ.”

ಅವಳು ಗೊಂಚಲಿನಿಂದ ಮುಚ್ಚಳದ ಬೀಗದಕೈ ಬಿಡಿಸಿ ಕೊಟ್ಟಳು.

ಮರುದಿನ ಬೆಳಕು ಹರಿಯುತ್ತಲೇ ಅವನು ಹತ್ತಿದ. ನಾಲ್ಕು ಕಡೆ ಕೂತು ಏದುಸಿರು ಬಿಟ್ಟ. ಮೇಲೆ ಮುಚ್ಚಳ ಸರಿಸಿ, ಮುಂದಕ್ಕೆ ಬೀಳದಂತೆ ಕಂಬಿ ಹಿಡಿದು ಮಂಡಿಯೂರಿದ. ಕೆಳಗೆ ಮೋಟಾರು ಸಣ್ಣಗೆ ಗುಂಯ್‌ಗುಡುತ್ತಿತ್ತು. ಇಷ್ಟು ವರ್ಷ ಊರಿಗೆಲ್ಲ ನೀರು ಬಿಟ್ಟವನು ತುಂಬಿದ ಟ್ಯಾಂಕನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅಂಗಿಯ ತೋಳು ಮಡಿಸಿ ಕೈ ಇಳಿಬಿಟ್ಟ. ನೀರು ಮೆಲ್ಲಗೆ ಏರಿ ಬಂದು ಅವನ ಬೆರಳ ತುದಿಗಳನ್ನು ಮುಟ್ಟಿತು.