ತೀರಾಳ ಅರೆಸ್ವರ

ಇದು ನಡೆದದ್ದೇ. ಅನುಮಾನವಿದ್ದವರು ಸ್ವೀಡನ್ನಿನ ಓರೆಬ್ರೂ ಊರಿಗೆ ಹೋಗಿ ವಿಚಾರಿಸಬಹುದು. ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಾಯಿಯಿಂದಲೇ ಬದುಕುವ ಐದು ಜನ ಒಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದಾರೆ ಎಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಐವರಲ್ಲಿ ಒಬ್ಬಳ ಹೆಸರು ತೀರಾ. ತೀರಾ ಮೇಲೂ ಅಲ್ಲದ, ತೀರಾ ಕೆಳಗೂ ಅಲ್ಲದ ನಡುದನಿ. ಇಪ್ಪತ್ತನಾಲ್ಕು ವರ್ಷದಿಂದ ‘ಐದುಸಿರು’ ಎಂಬ ತಂಡದಲ್ಲಿದ್ದಳು. ವಾದ್ಯದ ಗೊಡವೆಯೇ ಇಲ್ಲದೆ ಬರಿಯ ಬಾಯಲ್ಲಿ ಜಾಝ್ ಹಾಡುವ ತಂಡ ಅದು. ಡ್ರಮ್ಮು, ತುತ್ತೂರಿ ಎಲ್ಲವೂ ಗಂಟಲಲ್ಲೇ. ಜಪಾನಿಗೆ ಆರು ಸಲ ಹೋಗಿ ಬಂದಿದ್ದರು. ಡಿಸೆಂಬರ್ ಬಂತೆಂದರೆ ಚರ್ಚಿನಿಂದ ಚರ್ಚಿಗೆ ಕ್ರಿಸ್ಮಸ್ ಕಛೇರಿ. ಪೋಸ್ಟರಿನ ನಡುವೆ ನಿಲ್ಲುತ್ತಿದ್ದವಳು ಮೇಲುದನಿಯ ವೆಂಡೆಲಾ. ತೀರಾ ಎಡತುದಿ. ಒಸಾಕಾದಲ್ಲಿ ಒಮ್ಮೆ ಪೋಸ್ಟರನ್ನು ಬಾಗಿಲಿನ ಅಳತೆಗೆ ಕತ್ತರಿಸಿ ಅಂಟಿಸಿದ್ದರು; ತೀರಾಳ ಮುಖದಲ್ಲಿ ಒಂದು ಕಿವಿ ಮಾತ್ರ ಉಳಿದಿತ್ತು.

ಉಳಿಯಬೇಕಾದದ್ದೇ ಉಳಿದಿತ್ತು ಅನ್ನಿ. ಅವಳ ಆಸ್ತಿಯೆಲ್ಲ ಕಿವಿಯಲ್ಲೇ. ಪ್ರತಿ ಹಾಡಿಗೂ ಮುಂಚೆ ಅವಳು ತಲೆ ತಗ್ಗಿಸಿ, ಸಭೆಗೆ ಕೇಳದ ಹಾಗೆ ‘ಹ್ಞೂಂ’ ಎನ್ನುತ್ತಿದ್ದಳು. ಉಳಿದ ನಾಲ್ವರು ಅದನ್ನು ಹಿಡಿದು ತಮ್ಮ ತಮ್ಮ ಸ್ವರ ಹುಡುಕಿಕೊಳ್ಳುತ್ತಿದ್ದರು. ಪೀಪಿಯಿಲ್ಲ, ಶ್ರುತಿಕವೆಯಿಲ್ಲ; ಗಾಳಿಯಿಂದ ಕಿತ್ತು ಕೊಟ್ಟ ಹಾಗೆ. ಸ್ಟಾಕ್‌ಹೋಮಿನವರೊಬ್ಬರು ಅವಳೊಬ್ಬಳ ಹಾಡುಗಳ ರೆಕಾರ್ಡು ಮಾಡುತ್ತೇವೆಂದು ಕರೆದಾಗಲೂ, "ನಾನಿಲ್ದೆ ಇವರು ಶುರು ಮಾಡೋದಾದ್ರೂ ಹೇಗೆ?" ಎಂದು ಬಿಟ್ಟುಬಿಟ್ಟಳು. ಗಂಡ ಆರ್ವಿದ್ ಮನೆ ಬಿಡುವಾಗ ಹೇಳಿದ್ದೂ ಕಿವಿಯ ಮಾತನ್ನೇ: "ಫ್ರಿಜ್ಜು ಗುಂಯ್ ಅಂದ್ರೂ ಅದು ಯಾವ ಸ್ವರ ಅಂತ ಹೇಳ್ತೀಯ. ನಾನು ಮಾತಾಡಿದ್ದು ಮಾತ್ರ ನಿಂಗೆ ಕೇಳ್ಸಲ್ಲ."

ತಂಡದಲ್ಲಿ ಹುಟ್ಟುಹಬ್ಬಕ್ಕೊಂದು ಕುಚೇಷ್ಟೆ ಕಡ್ಡಾಯ. ನವೆಂಬರಿನಲ್ಲಿ ತೀರಾಳಿಗೆ ಐವತ್ತೇಳು ತುಂಬಿತು. ಚರ್ಚಿನ ಹಿಂದಿನ ಸಭಾಂಗಣದಲ್ಲಿ ತಾಲೀಮು. ಈ ಸಲದ ಸರದಿ ಫೋಲ್ಕೆಯದು. ಅವನ ಅಜ್ಜ ಆರ್ಗನ್ ನುಡಿಸುತ್ತಿದ್ದವನು. ಅಜ್ಜನ ಪೆಟ್ಟಿಗೆಯಿಂದ ಒಂದು ಶ್ರುತಿಕವೆ ತಂದಿದ್ದ. ಬಡಿದರೆ ಎ ಸ್ವರ ನುಡಿಯುವ ಉಕ್ಕಿನ ಕವಲು. ಹಿಂದಿನ ದಿನ ಅದರ ಬುಡಕ್ಕೆ ಅರ ಹಾಕಿ ಉಜ್ಜಿ ಉಜ್ಜಿ ಸರಿಯಾಗಿ ಅರೆಸ್ವರ ಇಳಿಸಿದ್ದ. ಅರದಿಂದ ಅರೆ. ತೀರಾ ಅದನ್ನು ಬಡಿಯಬೇಕು, ಇದು ಕೆಟ್ಟಿದೆ ಅನ್ನಬೇಕು, ನಾಲ್ವರೂ ಮುಖ ಗಂಟಿಕ್ಕಿಕೊಂಡು ಕೆಟ್ಟಿರೋದು ನಿನ್ನ ಕಿವಿ ಅನ್ನಬೇಕು, ಅವಳು ರೇಗಬೇಕು, ಆಗ ಕೇಕು. ಇಷ್ಟು ನಾಟಕ.

"ತೀರಾ, ಅಜ್ಜನದು ಕಣೇ ಇದು," ಎಂದ ಫೋಲ್ಕೆ. "ನಿನ್ನ ಕಿವಿ ದೊಡ್ಡದೋ ನನ್ನಜ್ಜನ ಕವೆ ದೊಡ್ಡದೋ ನೋಡೇಬಿಡೋಣ."

"ನಿಮ್ಮಜ್ಜನ ಕಿವಿಯಲ್ಲಿ ಕೂದಲಿತ್ತು," ಎಂದಳು ತೀರಾ. "ಕೊಡು ಇಲ್ಲಿ."

ಮೊದಲು ಎ ಸ್ವರವನ್ನು ಗುನುಗಿದಳು. ಆಮೇಲೆ ಕವೆಯನ್ನು ಮೊಣಕಾಲಿಗೆ ಬಡಿದು ಕಿವಿಗೆ ಹಿಡಿದಳು. ಅಡಿದನಿಯ ಸಿಕ್ಸ್ಟೆನ್ ಆಗಲೇ ನಗು ತಡೆಯಲಾರದೆ ಸೀನಿದ ಹಾಗೆ ಮಾಡುತ್ತಿದ್ದ.

"ಚೆನ್ನಾಗಿದೆ," ಎಂದಳು ತೀರಾ. "ಒಂದು ಕೂದಲೆಳೆ ಆಚೀಚೆ ಇಲ್ಲ. ಇನ್ನೂ ಐವತ್ತು ವರ್ಷ ಬರುತ್ತೆ, ಜೋಪಾನ."

ಸಿಕ್ಸ್ಟೆನ್‌ನ ಸೀನು ಅರ್ಧಕ್ಕೇ ನಿಂತಿತು.

"ಏನು?" ಎಂದಳು ಅವಳು.

ಫೋಲ್ಕೆಗೆ ಸುಳ್ಳನ್ನು ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೊರಲು ಬರುವುದಿಲ್ಲ. "ಅದನ್ನ ನಾನು ಕೆಡಿಸಿದ್ದೆ ತೀರಾ," ಎಂದ. "ಅರ ಹಾಕಿ. ಅರ್ಧ ಸ್ವರ ಕೆಳಗಿದೆ ಅದು. ತಮಾಷೆಗೆ."

ತೀರಾ ಎದ್ದು ಮೂಲೆಯ ಪಿಯಾನೋದ ಮೇಲಿದ್ದ ಮೇಜುಬಟ್ಟೆಗಳ ಗಂಟನ್ನು ಕೆಳಗಿಟ್ಟು, ಮುಚ್ಚಳ ತೆಗೆದು ಎ ಒತ್ತಿದಳು. ಅವಳ ಕಿವಿಗೆ ಅದು ಅರ್ಧ ಸ್ವರ ಮೇಲೆ ನಿಂತಿತ್ತು.

"ಪಿಯಾನೋ ಏರಿದೆ."

"ಹೋದ ವಾರ ಶ್ರುತಿ ಮಾಡ್ಸಿದಾರೆ," ಎಂದಳು ಮಾಲಿನ್. ಹಾಡುವುದರ ಜೊತೆಗೆ ತಂಡದ ಟಿಕೆಟ್ಟು, ಹೋಟೆಲು, ಮೂಡು ಎಲ್ಲ ನೋಡಿಕೊಳ್ಳುವವಳು. ಸಿಕ್ಸ್ಟೆನ್ ಫೋನು ತೆಗೆದು ಅದರಿಂದಲೂ ಎ ಹೊರಡಿಸಿದ. ಫೋನು ಪಿಯಾನೋದ ಕಡೆಗೇ ಸೇರಿತು.

ಎರಡು ವರ್ಷದ ಹಿಂದೆ ತೀರಾ ಫ್ರಿಜ್ಜಿನ ಸ್ವರ ಏರಿದೆಯೆಂದು ರಿಪೇರಿಯವನನ್ನು ಕರೆಸಿದ್ದಳು. ಅವನು ಹಿಂದೆ ಮುಂದೆ ಬಗ್ಗಿ ನೋಡಿ, "ಇದಕ್ಕೇನೂ ಆಗಿಲ್ಲ," ಎಂದು ಹೋಗಿದ್ದ. ಎಷ್ಟು ಒಳ್ಳೆಯ ಮನುಷ್ಯ, ಅಲ್ಲಿಗೇ ನಿಲ್ಲಿಸಿದ. ಅದು ಈಗ ಅವಳ ಬಾಯಿಂದಲೇ ಹೊರಬಿತ್ತು.

"ಅಂದ್ರೆ ಎರಡು ವರ್ಷದಿಂದ ಎಲ್ಲಾ ಹಾಡೂ ಅರ್ಧ ಸ್ವರ ಕೆಳಗೆ ಹಾಡಿದೀವಾ?" ಎಂದ ಸಿಕ್ಸ್ಟೆನ್. "ನನ್ನ ಗಂಟಲು ಕೆಟ್ಟಿರಲಿಲ್ವಾ ಹಾಗಾದ್ರೆ? ಆ ತಳದ ಸ್ವರ ಮುಟ್ಟಕ್ಕಾಗ್ತಿಲ್ಲ ಅಂತ ಮೂಗಿನೊಳಗೆ ಪೈಪು ಬಿಡಿಸ್ಕೊಂಡೆ ನಾನು. ಒಂದು ಕೊಡ ಜೇನುತುಪ್ಪ ಕುಡಿದಿದೀನಿ."

ವಾದ್ಯವಿಲ್ಲದ ಹಾಡಿನಲ್ಲಿ ತಪ್ಪೆಂದು ಹೇಳುವವರಿಲ್ಲ. ಐವರೂ ಒಟ್ಟಿಗೆ ಇಳಿದರೆ ಅದು ಇಳಿದದ್ದಲ್ಲ, ಅದೇ ನೆಲ. ಆದರೆ ನೆಲ ಇಳಿದರೆ ಪಾತಾಳದವನಿಗೆ ಕಷ್ಟ, ಮಾಳಿಗೆಯವಳಿಗೆ ಸುಖ. ತೀರಾ ತಿರುಗಿ ವೆಂಡೆಲಾಳನ್ನು ನೋಡಿದಳು. ವೆಂಡೆಲಾ ತುಂಬಿದ ಬಟ್ಟಲಿಗೇ ಮತ್ತೆ ಕಾಫಿ ಬಗ್ಗಿಸುತ್ತಿದ್ದಳು.

ಎರಡು ವರ್ಷದಿಂದ ವೆಂಡೆಲಾ ಕಛೇರಿಗೆ ಮುಂಚೆ ಬಿಸಿನೀರಿನ ಹಬೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದಳು. ಪತ್ರಿಕೆಯವರು ‘ಅರವತ್ತರ ಹತ್ತಿರ ಹತ್ತೊಂಬತ್ತರ ಕಂಠ’ ಎಂದು ಬರೆದಿದ್ದರು. ಅದನ್ನು ಅವಳು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

"ನಿಂಗೆ ಯಾವಾಗಿಂದ ಗೊತ್ತು?" ಎಂದಳು ತೀರಾ.

"ಏನು ಗೊತ್ತು?"

"ವೆಂಡೆಲಾ."

"ಮೊದಲ ದಿನದಿಂದ," ಎಂದಳು ವೆಂಡೆಲಾ, ಬಟ್ಟಲಿಗೆ. "ಲಿನ್‌ಶೋಪಿಂಗಿನ ಕಛೇರಿಯಲ್ಲಿ. ನೀನು ಕೊಟ್ಟ ಸ್ವರ ನಾನು ಹಾಡ್ದೆ. ನನ್ನ ತಪ್ಪೇನಿದೆ ಇದ್ರಲ್ಲಿ?"

"ಹೇಳ್ಬಹುದಿತ್ತು."

"ಹೇಳಿದ್ರೆ ನೀನು ನೊಂದ್ಕೊಳ್ತಿದ್ದೆ."

ಅಷ್ಟು ದಯೆಯ ಮಾತನ್ನು ವೆಂಡೆಲಾ ತೀರಾಳಿಗೆ ಹಿಂದೆಂದೂ ಆಡಿರಲಿಲ್ಲ.

ಮಾಲಿನ್ ಗಂಟಲು ಸರಿಮಾಡಿಕೊಂಡಳು. "ವಯಸ್ಸಾದ್ರೆ ಕಿವಿ ಹಾಗೆ ಜಾರುತ್ತಂತೆ, ಏನೂ ನಾಚ್ಕೆ ಇಲ್ಲ. ಇನ್ಮೇಲೆ ಸಿಕ್ಸ್ಟೆನ್ ಫೋನಿಂದಲೇ ತಗೊಳ್ಳೋಣ. ನಿಂಗೂ ಒಂದು ತಲೆನೋವು ಕಮ್ಮಿ."

ಇಪ್ಪತ್ತನಾಲ್ಕು ವರ್ಷದ ‘ಹ್ಞೂಂ’ ಅಷ್ಟರಲ್ಲಿ ಮುಗಿಯಿತು.

ಕೇಕನ್ನು ತರಲೇಬೇಕಾಯಿತು. ಹಸಿರು ಹೊದಿಕೆ, ಮೇಲೊಂದು ಗುಲಾಬಿ ಹೂ. ನಾಲ್ವರೂ ಎದ್ದು ನಿಂತರು. ಹುಟ್ಟುಹಬ್ಬದ ಹಾಡನ್ನು ತಮ್ಮದೇ ಜಾಝ್ ಧಾಟಿಯಲ್ಲಿ ಹಾಡುವುದು ರೂಢಿ. ಕೊನೆಗೆ ವೆಂಡೆಲಾ ಸೂರು ಮುಟ್ಟುವ ಒಂದು ಸ್ವರ, ಆಮೇಲೆ ನಾಲ್ಕು ಹುರ್ರಾ. ಉಸಿರು ಎಳೆದುಕೊಂಡು ನಾಲ್ವರೂ, ಎಂದಿನಂತೆ, ತೀರಾಳ ಮುಖ ನೋಡಿದರು. ತನ್ನ ಹುಟ್ಟುಹಬ್ಬಕ್ಕೂ ಇಷ್ಟು ವರ್ಷ ಅವಳೇ ಸ್ವರ ಕೊಟ್ಟಿದ್ದಳು.

ತೀರಾ ತಲೆ ತಗ್ಗಿಸಲಿಲ್ಲ. ಮೇಜಿನ ಮೇಲಿದ್ದ ಫೋನಿನ ಕಡೆ ಕೈ ತೋರಿಸಿದಳು.

"ಕೊಡು," ಎಂದಳು ಸಿಕ್ಸ್ಟೆನ್‌ಗೆ. "ಅದ್ರ ಕೆಲಸ ಅದು."

ಸಿಕ್ಸ್ಟೆನ್ ಒತ್ತಿದ. ಫೋನು ‘ಪೀಂ’ ಎಂದಿತು. ನಾಲ್ವರು ಹಾಡಿದರು. ಸಿಕ್ಸ್ಟೆನ್ ತಳದ ಸ್ವರಕ್ಕೆ ಇಳಿದಾಗ ಅದು ತುಂಬುಕಂಠದಲ್ಲಿ ಬಂದು, ಅವನ ಕಣ್ಣಲ್ಲಿ ನೀರು ನಿಂತಿತು. ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿತು. ವೆಂಡೆಲಾ ಕತ್ತು ನೀಡಿದಳು, ಹಿಮ್ಮಡಿ ಎತ್ತಿದಳು, ಕೊನೆಯ ಸ್ವರಕ್ಕೆ ಬಾಯಿ ತೆರೆದಳು. ಬಾಗಿಲಿಗೆ ಸಿಕ್ಕಿದ ಬೆಕ್ಕಿನ ಹಾಗೊಂದು ಕೀರಲು ಹೊರಟು, ಎರಡಾಗಿ ಸೀಳಿ, ಕೇಕಿನ ಮೇಲೆ ಬಿತ್ತು.

ಯಾರೂ ಹುರ್ರಾ ಅನ್ನಲಿಲ್ಲ. ವೆಂಡೆಲಾ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೊದಲು ಫೋಲ್ಕೆ ಮೂಗಿನಲ್ಲಿ ನಕ್ಕ. ಸಿಕ್ಸ್ಟೆನ್ ನಕ್ಕ, ಮಾಲಿನ್ ಗೋಡೆಗೆ ತಿರುಗಿಕೊಂಡು ನಕ್ಕಳು. ತೀರಾ ಕುರ್ಚಿಯ ಬೆನ್ನು ಹಿಡಿದುಕೊಂಡು, ಹೊಟ್ಟೆಯ ಆಳದಿಂದ, ಕೆಮ್ಮು ಬರುವ ತನಕ, ಕಣ್ಣೀರು ಇಳಿಯುವ ತನಕ ನಕ್ಕಳು. ಮೂವರು ನಿಲ್ಲಿಸಿದ ಮೇಲೂ ಅವಳದು ನಿಲ್ಲಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ಉಳಿದವರೆಲ್ಲರ ದನಿಗಿಂತ ಮೇಲೆ, ತೀರಾಳ ದನಿಯೊಂದೇ ಕೇಳಿಸುತ್ತಿತ್ತು.